ಪಾರ್ವತಿಯಲ್ಲಿ ಖತಿಜಾಬಿಯ ಪಾಲು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರ ಹೆಸರನ್ನೂ ನಾನು ಬದಲಿಸಿಲ್ಲ. ಖತಿಜಾಬಿಯನ್ನು ಕೇಳಿಯೇ ಬರೆಯಲು ಕುಳಿತೆ. "ಬರಿ. ಆದ್ರ ನನ್ನ ಹೆಸರು ಬದಲ ಮಾಡಿದಿ ಅಂದ್ರ ನಿನ್ನ ಮಷಿನ್ನಿನ ಸೂಜಿ ಮುರದು ಕೈಯಾಗ ಕೊಡತೇನಿ ನೋಡು ಸುಂದರವ್ವಾ" ಅಂದಳು. ಉಳಿದವರನ್ನೂ ಒಬ್ಬೊಬ್ಬರನ್ನೇ ಕೇಳಿದ್ದೇನೆ, ಎಲ್ಲರೂ ಹೂಂ ಅಂದಿದ್ದಾರೆ. ನಿಜಗುಣಪ್ಪನನ್ನು ಮಾತ್ರ ಕೇಳಿಲ್ಲ. ಕೇಳುವುದೂ ಇಲ್ಲ.

ನಾನು ಉಗರಗೋಳದಲ್ಲಿ ಕುಪ್ಪಸ ಹೊಲಿಯುವವಳು. ನನ್ನ ಮಷಿನ್ನು ಮನೆಯ ಕಟ್ಟೆಯ ಮೇಲಿದೆ, ಕಟ್ಟೆಯ ಎದುರಿಗೇ ಖತಿಜಾಬಿಯ ಬಾಗಿಲು. ಅವರದು ಬಳೆ ಮಾರುವ ಮನಿಯಾರ ಮನೆತನ. ಗಂಡ ಹುಸೇನಪೀರ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಅಂಗಡಿ ಹಚ್ಚಿಕೊಂಡು ಪರಸೆಗೆ ಬಂದವರಿಗೆ ಬಳೆ ಮಾರುತ್ತಾನೆ. ಇವಳು ಬುಟ್ಟಿ ಹೊತ್ತು ಮನೆ ಮನೆಗೆ ಹೋಗುತ್ತಾಳೆ. ಯರಗಟ್ಟಿ ಪೇಟೆಯಲ್ಲಿ ಡಬ್ಬಿಗಟ್ಟಲೆ ಬಳೆ ಸಿಗುವ ಈ ಕಾಲದಲ್ಲೂ ನಮ್ಮ ಹೆಂಗಸರು ಅವಳಿಗಾಗಿ ಕಾಯುತ್ತಾರೆ, ಯಾಕೆಂದರೆ ಬಳೆ ಇಡಿಸಿಕೊಳ್ಳುವುದು ಬೇರೆ, ಕೊಂಡು ಏರಿಸಿಕೊಳ್ಳುವುದು ಬೇರೆ. ಅವಳು ಅಂಗೈಯನ್ನು ತನ್ನ ಕೈಯೊಳಗೆ ತಗೊಂಡು ಗೆಣ್ಣುಗಳನ್ನು ಮೆತ್ತಗೆ ಒತ್ತುತ್ತ ಒಂದೊಂದೇ ಏರಿಸುತ್ತಾಳೆ. ಅಷ್ಟು ಹೊತ್ತು ಕೈ ಜಗ್ಗುವ ಹಾಗಿಲ್ಲ, ಜಗ್ಗಿದರೆ ಗಾಜು ಒಡೆಯುತ್ತದೆ. ಕೈ ಸುಮ್ಮನಿದ್ದಾಗ ಬಾಯಿ ಸುಮ್ಮನಿರುವುದಿಲ್ಲವಲ್ಲ! ಅತ್ತೆಯ ಕಾಟ, ಗಂಡನ ಕುಡಿತ, ಮುಟ್ಟಿನ ಹೊಟ್ಟೆನೋವು, ಎಲ್ಲ ಬರುತ್ತದೆ. ಕೊನೆಗೆ ಒಂದು ಬಳೆಯನ್ನು ಹೆಚ್ಚಿಗೆ ಇಟ್ಟು, "ಚಂದಾಗಿರವ್ವಾ" ಅನ್ನುತ್ತಾಳೆ. ಇಡಿಸಿಕೊಂಡವಳು ಎಷ್ಟೇ ದೊಡ್ಡ ಮನೆಯವಳಿರಲಿ, ಬಗ್ಗಿ ಬಳೆಗಾರ್ತಿಯ ಕಾಲು ಮುಟ್ಟುತ್ತಾಳೆ. ಅದು ನಮ್ಮ ಕಡೆಯ ಪದ್ಧತಿ.

ಹಾಗೆ ಕೈಯಲ್ಲಿ ಕೈ ಇದ್ದಾಗ ಕೇಳಿದ ಮಾತನ್ನು ಖತಿಜಾಬಿ ಯಾವತ್ತೂ ಹೊರಗೆ ತಂದವಳಲ್ಲ. ಎದುರುಮನೆಯವಳಾದ ನಾನೇ ಎಷ್ಟು ಸಲ ಚಹಾ ಕುಡಿಸಿ ಕೆದಕಿದ್ದೇನೋ! "ಚಾ ಚಲೋ ಆಗೈತಿ" ಅನ್ನುತ್ತಿದ್ದಳು, ಬಸಿ ಕೆಳಗಿಟ್ಟು ಎದ್ದು ಹೋಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಸ್ವಂತದ್ದು ಮಾತ್ರ ನನಗೆ ಗೊತ್ತಿತ್ತು. ಆಗ ಅವಳಿಗೆ ಮೂವತ್ತರ ಆಸುಪಾಸು, ಮಗಳು ಕೌಸರ್ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಸೊಂಟನೋವು, ಬಿಳಿಮುಟ್ಟು ಅಂತ ಒದ್ದಾಡುತ್ತಿದ್ದಳು. ನಮ್ಮ ಓಣಿಯ ನಿಜಗುಣಪ್ಪ ತನ್ನ ಟಂಟಂ ಗಾಡಿಯಲ್ಲಿ ಹೆಂಗಸರನ್ನು ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಆಸ್ಪತ್ರೆಯವರು ಅವನ ಕೈ ಬಿಸಿ ಮಾಡುತ್ತಿದ್ದರು ಎನ್ನುವುದು ಊರಿಗೇ ಗೊತ್ತಿದ್ದ ಸಂಗತಿ. ಇವಳೂ ಹೋದಳು. ಹೊಟ್ಟೆಯ ಮೇಲೆ ಮಷಿನ್ನು ಆಡಿಸಿ ಡಾಕ್ಟರು, "ಗರ್ಭಚೀಲ ಕೆಟ್ಟೈತಿ, ಬಿಟ್ರ ಕ್ಯಾನ್ಸರ್ ಆಗತೈತಿ" ಅಂದರಂತೆ. ಹೆದರಿದವಳು ಹೆಬ್ಬೆಟ್ಟು ಒತ್ತಿದಳು. ಚೀಲ ತೆಗೆದು ಕಳಿಸಿದರು. ಸೊಂಟನೋವು ಹೋಗಲಿಲ್ಲ. ಮೈಯಲ್ಲಿ ಧಗೆ, ಎಲುಬಿನಲ್ಲಿ ನೋವು ಹೊಸದಾಗಿ ಬಂದವು, ಇನ್ನೊಂದು ಕೂಸಿನ ಆಸೆ ಅಲ್ಲಿಗೇ ಮುಗಿಯಿತು. ಅದನ್ನು ನೆನೆದಾಗಲೆಲ್ಲ ಅವಳು ಅಳುತ್ತಿರಲಿಲ್ಲ, ಸಿಟ್ಟಾಗುತ್ತಿದ್ದಳು. "ಇನ್ನೊಂದು ಕೂಸು ಬೇಕೇನು ಅಂತ ಒಂದ್ ಮಾತು ಕೇಳಬೇಕಿತ್ತಲ್ಲ ಆ ಮನಷ್ಯಾ! ಕುಪ್ಪಸ ಹೊಲಿಯೂಮುಂದ ನೀನೂ ಕೇಳತೀ, ತೋಳು ಉದ್ದ ಇಡ್ಲೇನು ಗಿಡ್ಡ ಇಡ್ಲೇನು ಅಂತ" ಅನ್ನುತ್ತಿದ್ದಳು.

ಇದಾಗಿ ಕೆಲವು ವರ್ಷಗಳ ಮೇಲೆ ಮಾಲಾ ಬಂದಳು. ಧಾರವಾಡದ ಹುಡುಗಿ, ಮಾನವಶಾಸ್ತ್ರ ಓದಿದವಳು. ಹಾಗಂದರೆ ಏನವ್ವಾ ಅಂತ ಕೇಳಿದ್ದಕ್ಕೆ, ಮಂದಿಯ ನಡುವೆ ಇದ್ದು ಅವರ ಬದುಕು ಹೇಗಿದೆ ಅಂತ ತಿಳಿದುಕೊಳ್ಳುವುದು ಅಂದಳು. "ಅದಕ್ಕ ಸಾಲಿ ಯಾಕ ಬೇಕು, ನಮ್ಮ ಓಣ್ಯಾಗ ಎಲ್ಲಾರೂ ಅದನ್ನ ಮಾಡತಾರ" ಅಂದೆ. ಪಾಪ, ನಕ್ಕಳು. ನಮ್ಮ ಭಾಗದಲ್ಲಿ ಇಷ್ಟು ಸಣ್ಣ ವಯಸ್ಸಿನ ಹೆಂಗಸರು ಯಾಕೆ ಗರ್ಭಚೀಲ ತೆಗೆಸುತ್ತಾರೆ ಅನ್ನುವುದೇ ಅವಳ ಅಧ್ಯಯನ. ಮನೆ ಮನೆಗೆ ಹೋದರೆ ಯಾರೂ ಬಾಯಿ ಬಿಡಲಿಲ್ಲ. ಆಗ ಖತಿಜಾಬಿಯ ಬುಟ್ಟಿಗೆ ಕೈ ಹಾಕಿ, "ಅಕ್ಕಾರ, ನಿಮ್ಮ ಜೋಡಿ ಬರಲೇನ್ರಿ?" ಅಂದಳು.

"ಬಾ. ಆದ್ರ ನಾ ಬಳಿ ಇಡೂಮುಂದ ನೀ ಹೊರಗ ಕೂಡಬೇಕು" ಅಂದಳು ಖತಿಜಾಬಿ. "ಆಮ್ಯಾಲ ಅಕಿನ್ನ ನೀನ ಕೇಳು. ಅಕಿ ಹೇಳಿದ್ರ ನಿನ್ನ ನಸೀಬ. ನನ್ನ ಕಡಿಂದ ಇನ್ನೊಬ್ಬಾಕಿ ಮಾತು ಒಂದೂ ಹುಟ್ಟೂದಿಲ್ಲ."

ಮಾಲಾ ಹಾಗೆಯೇ ನಡೆದುಕೊಂಡಳು. ಬಿಸಿಲಲ್ಲಿ ಹೊರಗೆ ಕೂತಳು. ಒಪ್ಪಿದವರ ಹತ್ತಿರ ಮಾತ್ರ ಮಾತಾಡಿದಳು, ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ ಅಂತ ಪ್ರತಿಯೊಬ್ಬರಿಗೂ ಮಾತು ಕೊಟ್ಟಳು. ಖತಿಜಾಬಿಯೂ ತನ್ನದನ್ನು ಹೇಳಿದಳು. ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ.

ತಪ್ಪಾದದ್ದು ಬರೆಯುವಾಗ. ಯಾರಿಗೂ ಗುರುತು ಹತ್ತಬಾರದು ಅಂತ ಮಾಲಾ ಮೂವರು ಹೆಂಗಸರ ಸಂಗತಿಗಳನ್ನು ಕೂಡಿಸಿ ಒಬ್ಬಳನ್ನು ಮಾಡಿದಳು, ಆಕೆಗೆ ಪಾರ್ವತಿ ಅಂತ ಹೆಸರಿಟ್ಟಳು. ಪಾರ್ವತಿಗೆ ಒಂದೇ ಮಗು, ಅದು ಖತಿಜಾಬಿಯದು. ಪಾರ್ವತಿಯ ಆಪರೇಷನ್ನಿಗೆ ಗಂಡ ಅವಳ ಕೊರಳಿನ ಬೋರಮಾಳ ಮಾರಿದ, ಅದು ಇನ್ನೊಬ್ಬಳದು. ಆಪರೇಷನ್ ಆದ ಮೇಲೆ "ನೀ ಇನ್ನ ಹೆಂಗಸಲ್ಲ" ಅಂತ ಗಂಡ ಹಾಸಿಗೆ ಬೇರೆ ಮಾಡಿದ, ಅದು ಮತ್ತೊಬ್ಬಳದು. ಓದಿದವರ ಲೆಕ್ಕದಲ್ಲಿ ಇದು ರಕ್ಷಣೆಯಂತೆ. ಅವಳ ವರದಿಯ ಸಾರ ಒಂದು ಪೇಪರಿನಲ್ಲಿ ಬಂತು. "ಗುಡ್ಡದ ಬದಿಯ ಹಳ್ಳಿ" ಅಂತಲೂ, "ಬಳೆ ಮಾರುವ ಹೆಂಗಸಿನ ಜೊತೆ ತಿರುಗಿ" ಅಂತಲೂ ಅದರಲ್ಲಿ ಇತ್ತು. ಗುಡ್ಡದ ಬದಿಗೆ ಮನೆ ಮನೆ ತಿರುಗುವ ಬಳೆಗಾರ್ತಿ ಇನ್ನೆಷ್ಟು ಮಂದಿ ಇದ್ದಾರೆ ಸ್ವಾಮಿ? ಸಂಜೆಯ ಹೊತ್ತಿಗೆ ಅದು ಊರವರೆಲ್ಲರ ವಾಟ್ಸ್ಯಾಪಿನಲ್ಲಿತ್ತು.

ಊರಲ್ಲಿ ಬೋರಮಾಳ ಮಾರಿದ್ದು ಹಣಮಂತಪ್ಪ. ಮಾರುವಾಗ ಯರಗಟ್ಟಿಯ ಪೇಟೆಯಲ್ಲಿ ನೋಡಿದವರಿದ್ದರು. ಹಾಗಾಗಿ ಪಾರ್ವತಿ ಅಂದರೆ ಅವನ ಹೆಂಡತಿ ಭಾಗ್ಯಾ ಅಂತ ಊರು ಠರಾವು ಮಾಡಿತು, ಹಾಸಿಗೆ ಬೇರೆ ಮಾಡಿದವನೂ ಅವನೇ ಅಂತಾಯಿತು. ಅಯ್ಯೋ, ಅವನ ಪಾಡು ನೋಡಬೇಕಿತ್ತು! ಬಸ್ ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ, ಗಿರಣಿಯಲ್ಲಿ, ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಾ ಅಕಿ ಬಾಜೂಕ ಮಲಗತೇನಿ, ಬೇಕಾದ್ರ ಅಕಿನ್ನ ಕೇಳ್ರಿ" ಅನ್ನುತ್ತಿದ್ದ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಭಾಗ್ಯಾ ಹೊರಗೆ ಮುಖ ತೋರಿಸುವುದನ್ನೇ ಬಿಟ್ಟಳು. ಸಣ್ಣ ವಯಸ್ಸಿನಲ್ಲಿ ಚೀಲ ತೆಗೆಸಿದ ಪ್ರತಿ ಮನೆಯಲ್ಲೂ ಗಂಡಸರು, "ನಮ್ಮ ಸುದ್ದಿ ಏನ್ ಹೇಳಿದಿ?" ಅಂತ ಹೆಂಡಂದಿರನ್ನು ಕಾಡಿದರು.

ಎಲ್ಲದರ ಹೊಣೆ ಖತಿಜಾಬಿಯ ತಲೆಗೆ ಬಂತು. ಅವಳು ಬಳೆ ಇಡುವ ನೆವದಲ್ಲಿ ಗುಟ್ಟು ಕೇಳಿ ಪೇಟೆಯವಳಿಗೆ ಮಾರಿದಳಂತೆ. ಮರುದಿನದಿಂದ ಅವಳು ಕೂಗಿದರೆ ಬಾಗಿಲು ತೆಗೆಯುವವರಿಲ್ಲ. ಕೈ ಕೊಡುವವರೇ ಇಲ್ಲದಿದ್ದರೆ ಬಳೆಗಾರ್ತಿ ಏನು ಮಾಡಬೇಕು? ಬುಟ್ಟಿಯ ಮೇಲಿನ ಬಟ್ಟೆ ಸರಿಸದೆಯೇ ತಿರುಗಿ ಬರುತ್ತಿದ್ದಳು. ನಾನು ನನ್ನ ಕೈ ಚಾಚಿದೆ. "ನಿನಗ ಹೋದ ವಾರ ಇಟ್ಟೇನಿ, ಇನ್ನೆಲ್ಲಿ ಇಡ್ಲಿ, ಮೂಗಿಗೇನು?" ಅಂತ ಬೈದಳು. ಬೈದು, ಆ ಕೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡು ಕೂತಳು.

ಸುದ್ದಿ ಮೇಲಿನವರೆಗೂ ಹೋಯಿತು. ಆಸ್ಪತ್ರೆಯ ಮೇಲೆ ವಿಚಾರಣೆ ಮಾಡಲು ಸವದತ್ತಿಯಿಂದ ಒಬ್ಬ ಅಧಿಕಾರಿ ನಮ್ಮ ಪಂಚಾಯ್ತಿ ಹಾಲಿಗೆ ಬರುತ್ತಾರೆ ಅಂತ ಡಂಗುರ ಹೊಡೆಸಿದರು. ನಿಜಗುಣಪ್ಪನ ಮೈಗೆ ಬೆಂಕಿ ಬಿದ್ದಂತಾಯಿತು. ಖತಿಜಾಬಿಯ ಬಾಗಿಲ ಮುಂದೆ ಟಂಟಂ ನಿಲ್ಲಿಸಿ ಓಣಿಗೆಲ್ಲ ಕೇಳುವಂತೆ ಒದರಿದ.

"ಏ ಬೀಬಿ! ಮಂದಿ ಹೆಂಗಸರ ಮಾನಾ ಮಾರ್ಕೊಂಡು ತಿಂತೀ, ನಾಚಿಕಿ ಬರೂದಿಲ್ಲ? ಸಾಹೇಬರ ಮುಂದ ನಿಂತು, ಆ ಹುಡುಗಿ ಇಲ್ಲದ್ದು ಬರದಾಳ ಅಂತ ಹೇಳು. ಇಲ್ಲಾಂದ್ರ ಈ ಊರಾಗ ನಿನ್ನ ಕೈಯಾಗ ಯಾವಾಕೀನೂ ಕೈ ಕೊಡದಂಗ ಮಾಡತೇನಿ!"

ಖತಿಜಾಬಿ ಹೊಸ್ತಿಲ ಮೇಲೆ ನಿಂತಿದ್ದಳು. ಅವನನ್ನು ನೆಟ್ಟಗೆ ನೋಡಿದಳು. ಅವನು ಹೋದ ಮೇಲೆ ನಾನು ಅವಳ ಮೇಲೆಯೇ ಏರಿ ಹೋದೆ. "ಬಾಯಾಗ ಏನ್ ಕಡಬು ಇಟ್ಕೊಂಡಿದ್ದಿ? ನಾಕು ಮಂದ್ಯಾಗ ಬೈಸ್ಕೊಂಡು ನಿಂತಿಯಲ್ಲ!"

"ಒಂದ ಮಾತಿನಾಗ ಅವನ ಬಾಯಿ ಮುಚ್ಚಸಬಹುದಿತ್ತು ಸುಂದರವ್ವಾ" ಅಂದಳು. "ಆ ಮಾತು ನಂದಲ್ಲ."

ವಿಚಾರಣೆಯ ಹಿಂದಿನ ದಿನ ಮಾಲಾ ಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ನಾವು ಮೂವರೂ ಖತಿಜಾಬಿಯ ಪಡಸಾಲೆಯಲ್ಲಿ ಕೂತೆವು. ಆಸ್ಪತ್ರೆಯ ವಕೀಲರು, ಪಾರ್ವತಿ ಅನ್ನುವವಳೇ ಇಲ್ಲ, ಹಾಗಾಗಿ ವರದಿಯೇ ಸುಳ್ಳು ಅಂತ ಬರೆದುಕೊಟ್ಟಿದ್ದಾರೆ ಅಂದಳು. "ಹೆಸರು ಹೇಳಿದ್ರ ನಾ ಕೊಟ್ಟ ಮಾತು ಮುರೀತೇನ್ರಿ. ಹೇಳ್ದಿದ್ರ ಎಲ್ಲಾ ತಗದು ಒಗೀತಾರ, ಆ ಆಸ್ಪತ್ರ್ಯಾಗ ನಾಳಿಂದ ಮತ್ತ ಅದ ಸುರು ಆಗತೈತಿ. ಅಕ್ಕಾರ, ನಿಮ್ಮ ಧಂದೆ ನನ್ನಿಂದ ಹಾಳಾತು. ನಾನ ತಪ್ಪು ಬರದೇನಿ ಅಂತ ಬರಕೊಟ್ಟು ಬಿಡ್ತೇನಿ. ನಿಮಗರ ಬಾಗಿಲಾ ತಗೀತಾರ."

ಖತಿಜಾಬಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. "ನಾ ಹೇಳಿದ್ದು ಸುಳ್ಳೇನು?"

"ಇಲ್ರಿ."

"ಮತ್ತ ಅದನ್ನ ಸುಳ್ಳು ಅಂತ ಬರಕೊಡಾಕ ನೀ ಯಾರು? ನನ್ನ ಹೊಟ್ಟಿ ಕೊಯ್ಯೂಮುಂದ ಅಂವಾ ಕೇಳಲಿಲ್ಲ. ನನ್ನ ಮಾತು ಅಳಸೂಮುಂದ ನೀನೂ ಕೇಳೂದಿಲ್ಲೇನು?"

ನನಗೆ ಮಾಲಾಳ ಮೇಲೆ ಕನಿಕರ ಬಂತು, ಆದರೆ ಖತಿಜಾಬಿ ಬಿಡಲಿಲ್ಲ. "ಮೂರು ಮಂದೀನ ಕಲಿಸಿ ಒಂದು ಮುದ್ದಿ ಮಾಡಿದಿ. ನಮ್ಮನ್ನ ಉಳಸಾಕ ಮಾಡಿದಿ, ಅದು ಖರೆ. ಆದ್ರ ಏನಾತು? ಹಣಮಂತಪ್ಪ ಮಾಡಲಾರದ್ದು ಅವನ ತಲಿಗೆ ಬಂತು, ಮಾಡಿದಾಂವ ಆರಾಮ ತಿರಗಾಕ ಹತ್ಯಾನ. ಪಾರ್ವತಿ ಯಾರು ಅಂತ ಕೇಳಿದ್ರ ಹೇಳಾಕ ಯಾರೂ ಇಲ್ಲ. ಹೆಸರು ಮುಚ್ಚಬೇಕೋ ಬ್ಯಾಡೋ ಅಂತ ನಮ್ಮನ್ನ ಒಂದ್ ಮಾತು ಕೇಳಿದ್ದೇನು? ಮುಚ್ಚತೇನಿ ಅಂತ ನೀನ ಹೇಳಿದಿ. ನಾವು ಹೂಂ ಅಂದ್ವಿ."

"ಈಗ ಏನ್ ಮಾಡ್ಲಿ ಅಕ್ಕಾರ?"

"ನೀ ನಿನ್ನ ಮಾತಿನ ಮ್ಯಾಲ ನಿಲ್ಲು. ಯಾರ ಹೆಸರೂ ಹೇಳಬ್ಯಾಡ. ನಂದು ನಾ ಹೇಳತೇನಿ."

ನಾನು ಬೇಡ ಅಂದೆ. ಮುಚ್ಚಿದ ಬಾಗಿಲುಗಳು ಮತ್ತೆ ತೆರೆಯುವುದಿಲ್ಲ, ನಿನ್ನ ಮಗಳ ಲಗ್ನ ಆಗಬೇಕು, ಹುಸೇನಪೀರಣ್ಣನ ಅಂಗಡಿ ಇದೆ, ಸುಮ್ಮನಿರು ಅಂತ ಹೇಳಿದೆ. ಹುಸೇನಪೀರ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ. ಮಾತು ಕಡಿಮೆ ಅವನದು. "ಅಕಿ ಹೊಟ್ಟಿ ಅಕಿದು" ಅಂದು ಕೈಕಾಲು ತೊಳೆಯಲು ಹೋದ.

ಮರುದಿನ ಹಾಲ್ ತುಂಬಿತ್ತು. ಗಂಡಸರೆಲ್ಲ ಮುಂದೆ ಕುರ್ಚಿಯಲ್ಲಿ, ಹೆಂಗಸರು ಹಿಂದೆ ಗೋಡೆಗೆ ಒರಗಿ. ವಿಚಾರಣೆ ಹೆಂಗಸರ ಹೊಟ್ಟೆಯದು, ಕುರ್ಚಿ ಗಂಡಸರಿಗೆ! ಅಧಿಕಾರಿ ಮಾಲಾಳನ್ನು ನಿಲ್ಲಿಸಿ, ಪಾರ್ವತಿ ಯಾರು ಅಂತ ಕೇಳಿದರು.

"ಹೇಳಲಿಕ್ಕೆ ಆಗೂದಿಲ್ರಿ ಸರ್. ಅವರಿಗೆ ಮಾತು ಕೊಟ್ಟೇನಿ."

ವಕೀಲರು ನಕ್ಕರು. "ಇದ್ರ ತಾನ ಹೇಳಾಕ? ಕತಿ ಬರದಾರ್ರಿ ಸರ್, ಕತಿ."

ಗೋಡೆಯ ಕಡೆಯಿಂದ ಖತಿಜಾಬಿ ಎದ್ದಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಗಂಡಸರ ಕುರ್ಚಿಗಳ ನಡುವೆಯೇ ಹಾದು ಮೇಜಿನ ಮುಂದೆ ಹೋಗಿ ನಿಂತಳು. "ಪಾರ್ವತಿ ನಾ ಅದೇನ್ರಿ."

ಹಾಲಿಗೆ ಹಾಲೇ ನಕ್ಕಿತು. ಅಧಿಕಾರಿಯ ಮುಖದಲ್ಲೂ ನಗು. "ನೀವು ಪಾರ್ವತಿ ಹೆಂಗ ಆಗತೀರಿ ಅಮ್ಮಾ?"

"ಪೂರಾ ಅಲ್ರಿ. ಮೂರರಾಗ ಒಂದು ಪಾಲು. ಆ ಪಾರ್ವತಿಗೆ ಒಂದ ಕೂಸು ಅಂತ ಬರದೈತೆಲ್ಲ, ಆ ಕೂಸು ನಂದು. ಇನ್ನೊಂದು ಬೇಕಂತಿದ್ದಾಕಿನೂ ನಾನ. ನನ್ನ ಹೆಸರು ಖತಿಜಾಬಿ ಹುಸೇನಪೀರ ಮನಿಯಾರ. ಬರಕೋರಿ."

ನಗು ನಿಂತಿತು. ವಕೀಲರು, ಇದಕ್ಕೆ ಆಧಾರ ಏನು, ಕಾಗದ ಎಲ್ಲಿದೆ ಅಂದರು.

"ಕಾಗದ ಕೊಡ್ರಿ ಅಂದ್ರ ನಿಮ್ಮ ಆಸ್ಪತ್ರ್ಯಾಗ ಕೊಡಲಿಲ್ರಿ. ಹೊಟ್ಟಿ ಮ್ಯಾಲ ಹೊಲಿಗಿ ಐತಿ. ಹೆಂಗಸು ಡಾಕ್ಟರನ್ನ ಕರಸ್ರಿ, ನೋಡ್ಲಿ. ಒಳಗ ಚೀಲ ಐತೋ ಇಲ್ಲೋ ನಿಮ್ಮ ಮಷಿನ್ನ ಹೇಳತೈತಿ."

ಹಣಮಂತಪ್ಪ ಕುರ್ಚಿಯಿಂದ ಹಾರಿ ಎದ್ದ. "ಹಂಗಾದ್ರ ಹಾಸಿಗಿ ಬ್ಯಾರೆ ಮಾಡಿದಾಂವ ಯಾರು, ಅದನ್ನೂ ಹೇಳು! ಊರಾಗ ನನ್ನ ಮಾರಿ ಕರಿ ಆಗೈತಿ. ಈಗಿಂದೀಗ ಹೇಳು!"

"ನೀ ಅಲ್ಲ ಹಣಮಂತಪ್ಪಾ. ಅಷ್ಟು ಹೇಳತೇನಿ. ಯಾರು ಅನ್ನೂದು ಹೇಳೂದಿಲ್ಲ."

"ಹೇಳ್ರಿ ಅಮ್ಮಾ" ಅಂದರು ಅಧಿಕಾರಿ. "ಉಳಿದಿಬ್ಬರೂ ಬಂದ್ರ ಪ್ರಕರಣ ಗಟ್ಟಿ ಆಗತೈತಿ. ನೀವು ಹೇಳದಿದ್ರ ನಿಮ್ಮದೊಂದ ಉಳೀತೈತಿ."

"ಒಂದು ಸಾಲೂದಿಲ್ಲೇನ್ರಿ ಸಾಹೇಬರ? ಒಂದು ಹೊಟ್ಟಿ ಸುಳ್ಳು ಹೇಳಿ ಕೊಯ್ದಿದ್ದಕ್ಕ ಜವಾಬು ಕೇಳಾಕ ಇನ್ನೂ ಎರಡು ಹೊಟ್ಟಿ ಬೇಕೇನು? ಅವರ ಕೈ ನನ್ನ ಕೈಯಾಗ ಇಟ್ಟು ಹೇಳಿದ ಮಾತು ಅದು. ನನ್ನ ಬುಟ್ಟಿ ಸುಟ್ಟು ಹೋದ್ರೂ ಹೇಳೂದಿಲ್ಲ."

ಅಧಿಕಾರಿ ಪೆನ್ನು ತಗೊಂಡು ಅವಳ ಹೇಳಿಕೆಯನ್ನು ಪೂರ್ತಿ ಬರೆದುಕೊಂಡರು. ಅವಳು ಓದಿಸಿ ಕೇಳಿ, ಒಂದು ಕಡೆ ತಿದ್ದಿಸಿ, ಆಮೇಲೆಯೇ ಹೆಬ್ಬೆಟ್ಟು ಒತ್ತಿದಳು. ಹಾಲಿನಲ್ಲಿ ಅಷ್ಟೊತ್ತು ಗದ್ದಲ ಮಾಡಿದ್ದ ನಿಜಗುಣಪ್ಪ ಮಾತ್ರ ಆಗ ತುಟಿಪಿಟಕ್ ಅನ್ನದೆ ತನ್ನ ಚಪ್ಪಲಿ ನೋಡುತ್ತ ಕೂತಿದ್ದ. ಇದೇನು ಇವನಿಗೆ ಬಾಯಿ ಕಟ್ಟಿತು ಅಂತ ನನಗೆ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ಖತಿಜಾಬಿ ಬುಟ್ಟಿ ಎತ್ತಿದಳು. ಯಾರೂ ಕರೆಯುವುದಿಲ್ಲ, ಯಾಕೆ ಹೋಗುತ್ತೀ ಅಂದೆ. "ಕರದ್ರ ಕರೀಲಿ, ಬಿಟ್ರ ಬಿಡ್ಲಿ. ಓಣಿ ಅವರಪ್ಪಂದಲ್ಲ" ಅಂದು ಹೊರಟಳು. ಕೈಯಲ್ಲಿದ್ದ ಕುಪ್ಪಸವನ್ನು ಮಷಿನ್ನಿನ ಮೇಲೆ ಬಿಟ್ಟು ನಾನೂ ಹಿಂದೆ ಹೋದೆ. "ಬಳೀ..." ಅಂತ ಅವಳು ಮೊದಲಿಗಿಂತ ಜೋರಾಗಿಯೇ ಕೂಗಿದಳು. ಬಾಗಿಲುಗಳು ಹಾಗೆಯೇ ಇದ್ದವು. ಕಿಟಕಿಗಳಲ್ಲಿ ಮುಖಗಳು ಕಾಣುತ್ತಿದ್ದವು, ಯಾರೂ ಹೊರಗೆ ಬರಲಿಲ್ಲ.

ಓಣಿಯ ಕೊನೆಯಲ್ಲಿ ನಿಜಗುಣಪ್ಪನ ಮನೆ. ಅವನು ಟಂಟಂ ಒರೆಸುತ್ತ ನಿಂತಿದ್ದ. ಇವಳನ್ನು ನೋಡಿ ನೆಲಕ್ಕೆ ಉಗುಳಿದ. ಅಷ್ಟರಲ್ಲಿ ಅವನ ಹೆಂಡತಿ ಗುರವ್ವ ಒಳಗಿನಿಂದ ಒಂದು ಚಾಪೆ ತಂದು, ಒಳಗಲ್ಲ, ಓಣಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ಹಾಸಿದಳು. ಕೂತು, ಕೈ ಚಾಚಿದಳು.

"ಇಡು ಖತಿಜಕ್ಕಾ. ಹಸರ ಬಳಿ, ಕೈ ತುಂಬ."

"ಏ! ಒಳಗ ನಡಿ!" ಅಂತ ನಿಜಗುಣಪ್ಪ ಗದರಿದ.

ಗುರವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. ಓಣಿಯ ಕಡೆ ಮುಖ ಮಾಡಿ, ಎಲ್ಲ ಕಿಟಕಿಗಳಿಗೂ ಕೇಳುವಂತೆ ಹೇಳಿದಳು. "ಹಾಸಿಗಿ ಬ್ಯಾರೆ ಆದದ್ದು ನಂದು. ಊರ ಹೆಂಗಸರನ್ನ ಒಯ್ಯೂಕಿಂತ ಮೊದಲ ಆ ಗಾಡ್ಯಾಗ ಇಂವಾ ನನ್ನನ್ನ ಒಯ್ದ. ತಂದು ಮನ್ಯಾಗ ಇಳಿಸಿ, ನೀ ಇನ್ನ ಹೆಂಗಸಲ್ಲ ಅಂದ. ಇದು ಖತಿಜಕ್ಕಗ ಗೊತ್ತಿತ್ತು. ಇಂವಾ ಅಕಿ ಬಾಗಿಲ ಮುಂದ ಒದರೂಮುಂದನೂ ಗೊತ್ತಿತ್ತು. ನಿನ್ನೆ ಸಾಹೇಬ್ರು ಕೇಳೂಮುಂದನೂ ಗೊತ್ತಿತ್ತು. ಅಕಿ ಹೇಳಲಿಲ್ಲ. ಈಗ ನಾನ ಹೇಳತೇನಿ."

ಖತಿಜಾಬಿ ಚಾಪೆಯ ಮೇಲೆ ಕೂತು ಆ ಕೈಯನ್ನು ತನ್ನ ಕೈಯೊಳಗೆ ತಗೊಂಡಳು. ಗೆಣ್ಣು ಒತ್ತುತ್ತ ಒಂದೊಂದೇ ಏರಿಸಿದಳು, ಅವಸರ ಮಾಡಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಎರಡೂ ಕೈ ತುಂಬಿದ ಮೇಲೆ ಒಂದು ಬಳೆ ಹೆಚ್ಚಿಗೆ ಇಟ್ಟಳು. ಗುರವ್ವ ಬಗ್ಗಿ ಅವಳ ಕಾಲು ಮುಟ್ಟಿದಳು. ಅಷ್ಟರಲ್ಲಿ ಎದುರಿನ ಬಾಗಿಲು ತೆರೆದಿತ್ತು, ಭಾಗ್ಯಾ ಹೊಸ್ತಿಲು ದಾಟಿ ಬಂದು ಚಾಪೆಯ ಇನ್ನೊಂದು ತುದಿಯಲ್ಲಿ ಕೂತಿದ್ದಳು.

ಗುರವ್ವ ಎದ್ದು ಸೀರೆಯ ನೆರಿಗೆ ಝಾಡಿಸಿದಳು. ಟಂಟಂನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

"ಗಾಡಿ ಸುರು ಮಾಡ್ರಿ" ಅಂದಳು ಗಂಡನಿಗೆ. "ಸವದತ್ತಿಗೆ ಹೋಗೂದೈತಿ. ಸಾಹೇಬ್ರ ಮುಂದ ನನ್ನ ಹೆಸರು ಬರಸಬೇಕು."

ಓಣಿಯ ಬಾಗಿಲುಗಳಲ್ಲಿ ಈಗ ಹೆಂಗಸರು ನಿಂತಿದ್ದರು. ನಿಜಗುಣಪ್ಪ ಒಂದು ಸಲ ಅವರನ್ನು ನೋಡಿದ, ಒಂದು ಸಲ ಹೆಂಡತಿಯ ಕೈಯಲ್ಲಿನ ಹಸಿರು ಬಳೆಗಳನ್ನು ನೋಡಿದ. ಆಮೇಲೆ ಮುಂದಿನ ಸೀಟಿಗೆ ಹತ್ತಿ ಗಾಡಿ ಸುರು ಮಾಡಿದ.